ಯಾರ ಕೈಯಲ್ಲಿತ್ತು ವಿಮಾನ?

ಕಾಡಿನಾಚೆ ಗುಡ್ಡದ ಮೇಲಿನ ಕಾವಲು ಠಾಣೆಗೆ ಹಾವಿನ ವಿಷದ ಔಷಧಿ ಮುಟ್ಟಿಸಬೇಕಿತ್ತು. ಅಲ್ಲಿನ ಕಾವಲುಗಾರನಿಗೆ ಬೆಳಿಗ್ಗೆ ಹಾವು ಕಚ್ಚಿತ್ತು. ರಸ್ತೆ ಹಿಡಿದರೆ ಕತ್ತಲಾಗುತ್ತದೆ, ಅಷ್ಟು ಹೊತ್ತು ಅವನು ತಡೆಯಲಾರ. ಹಾಗಾಗಿ ಅಕ್ಕನೂ ತಮ್ಮನೂ ಸೇರಿ ತಮ್ಮ ಮನೆಯ ಪುಟ್ಟ ವಿಮಾನವನ್ನು ಶೆಡ್ಡಿನಿಂದ ಹೊರಗೆ ತಳ್ಳಿದರು. ಹಿಂದಿನ ಸೀಟಿನಲ್ಲಿ ಔಷಧಿಯ ಪೆಟ್ಟಿಗೆ ಅಪ್ಪಿಕೊಂಡು ಕುಳಿತವಳು ನರ್ಸ್. ಹಾವು ಕಚ್ಚಿದ್ದು ಅವಳ ಸ್ವಂತ ಅಣ್ಣನಿಗೆ.

ಎಲ್ಲ ಸರಿ, ಆದರೆ ಅಕ್ಕ ತಮ್ಮ ಮಾತು ಬಿಟ್ಟಿದ್ದರು. ಹಿಂದಿನ ದಿನ ಅಕ್ಕ ವಿಮಾನದ ರೆಕ್ಕೆಯನ್ನು ಶೆಡ್ಡಿನ ಬಾಗಿಲಿಗೆ ಉಜ್ಜಿ ಗೀರು ಮಾಡಿದ್ದಳು. ತಮ್ಮ ಅದನ್ನು ನೇರವಾಗಿ ಅಮ್ಮನ ಕಿವಿಗೆ ಹಾಕಿದ್ದ. ಚಾಡಿಕೋರ ಎಂದು ಒಮ್ಮೆ ಬೈದ ಅಕ್ಕ ಆಮೇಲೆ ತುಟಿ ಬಿಚ್ಚಿರಲಿಲ್ಲ. ಇಷ್ಟು ದೊಡ್ಡವರಾಗಿ ಇಂಥ ಮುನಿಸೇ ಎಂದು ಕೇಳಬೇಡಿ. ಒಡಹುಟ್ಟಿದವರಿಗೆ ಜಗಳದ ವಿಷಯದಲ್ಲಿ ವಯಸ್ಸೇ ಆಗುವುದಿಲ್ಲ.

ವಿಮಾನದಲ್ಲಿ ಇಬ್ಬರ ಮುಂದೆಯೂ ಅದನ್ನು ನಡೆಸುವ ಒಂದೊಂದು ಹಿಡಿಕೆ, ಒಂದು ಅಲುಗಿದರೆ ಇನ್ನೊಂದೂ ಅಲುಗುತ್ತದೆ. ಬಿಡುವವರು "ನಿಂದು" ಎನ್ನಬೇಕು, ಹಿಡಿಯುವವರು "ನಂದು" ಎನ್ನಬೇಕು. ಅಪ್ಪ ಕಲಿಸಿದ ಕಟ್ಟಳೆ ಅದು. ಆ ದಿನ ಅದನ್ನೂ ಗಲ್ಲದ ಸನ್ನೆಯಲ್ಲೇ ಮುಗಿಸುತ್ತಿದ್ದರು.

ಕೆಳಗೆ ಕಾಡು ದಟ್ಟವಾಗಿ ಹಬ್ಬಿತ್ತು. ನಡುವೆ ಹೊಳೆಯೊಂದು ಕಾಣಿಸಿಕೊಂಡು, ಮರೆಯಾಗಿ, ಇನ್ನೆಲ್ಲೋ ಮತ್ತೆ ಕಾಣುತ್ತಿತ್ತು. ಕೊನೆಗೆ ಗುಡ್ಡದ ನೆತ್ತಿಯಲ್ಲಿ ಹುಲ್ಲು ಸವರಿ ಮಾಡಿದ ಇಳಿದಾಣ ಸಿಕ್ಕಿತು. ಒಂದು ಪಕ್ಕ ಹಳ್ಳ, ತುದಿಯ ಕಂಬದ ಮೇಲೆ ಗಾಳಿಯ ದಿಕ್ಕು ತೋರುವ ಬಟ್ಟೆಯ ಗಾಳಿಚೀಲ. ಅದು ಎಡಕ್ಕೆ ಉಬ್ಬಿತ್ತು. ನೋಡನೋಡುತ್ತ ಜೋತುಬಿದ್ದು, ಬಲಕ್ಕೆ ಹಾರಿತು.

"ಗಾಳಿ ಯಾವ ಕಡೆಯಿಂದ ಬೀಸ್ತಿದೆ?" ನರ್ಸ್ ಕೇಳಿದಳು.

"ಅದಕ್ಕೇ ಗೊತ್ತಿಲ್ಲ," ಎಂದ ತಮ್ಮ.

ನೆಲ ಹತ್ತಿರ ಬಂತು. ಹಿಡಿಕೆ ಅಕ್ಕನ ಕೈಯಲ್ಲಿತ್ತು. ಅಡ್ಡಗಾಳಿ ರಪ್ಪನೆ ಬಡಿಯಿತು. ಅಕ್ಕ ಗಲ್ಲ ಎತ್ತಿ ಗಾಳಿಚೀಲ ತೋರಿಸಿದಳು.

ನೀನು ಹಿಡಿ ಎಂದಳು ಅಂದುಕೊಂಡ ತಮ್ಮ. ಹಿಡಿದ. ಇವನು ಹಿಡಿದನಲ್ಲ ಎಂದು ಅಕ್ಕ ಬಿಟ್ಟಳು.

ಮತ್ತೊಂದು ಬೀಸು ಬಂತು. ಹಿಡಿಕೆ ತಾನಾಗಿಯೇ ಜಗ್ಗಿತು. ಅಕ್ಕ ವಾಪಸ್ ತಗೊಂಡಳು ಎಂದು ತಮ್ಮನೂ ಬಿಟ್ಟ.

ರೆಕ್ಕೆ ವಾಲಿತು. ಚಕ್ರ ನೆಲಕ್ಕೆ ಕುಕ್ಕಿತು. ವಿಮಾನ ಗಿರ್ರನೆ ತಿರುಗಿ ಹಳ್ಳಕ್ಕೆ ಮೂತಿ ತೂರಿಸಿ ನಿಂತಿತು.

ಮೂವರೂ ಬೆಲ್ಟಿನಲ್ಲಿ ನೇತಾಡುತ್ತಿದ್ದರು. ಆಕಾಶ ಬೆನ್ನ ಹಿಂದಿತ್ತು, ಹುಲ್ಲು ಕಣ್ಣ ಮುಂದಿತ್ತು.

"ಬದುಕಿದ್ದೀಯೇನೋ?" ಅಕ್ಕ ಕೇಳಿದಳು.

"ಅಬ್ಬ, ಮಾತಾಡಿದ್ಯಲ್ಲ."

"ನೀನು ಹಿಡಿದಿದ್ಯಲ್ಲೋ?"

"ನೀನು ತಗೊಂಡ್ಯಲ್ಲ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಪೆಟ್ರೋಲಿನ ವಾಸನೆ ಬಂತು. ತಮ್ಮ ಬಾಗಿಲು ಒದ್ದು ತೆರೆದು ಇಬ್ಬರನ್ನೂ ಹೊರಗೆಳೆದ. ಅಷ್ಟರಲ್ಲಿ ನರ್ಸ್ ಕೂಗಿದಳು, "ಪೆಟ್ಟಿಗೆ ಎಲ್ಲಿ? ಅಯ್ಯೋ, ನಮ್ಮಣ್ಣನ ಔಷಧಿ ಎಲ್ಲಿ?"

ಸೀಟಿನ ಕೆಳಗೆ ಹುಡುಕಿದರು, ಹಳ್ಳದಲ್ಲಿ ಹುಡುಕಿದರು. ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ. ಪೆಟ್ಟಿಗೆ ಅವಳ ತೋಳಲ್ಲೇ ಇತ್ತು. ಕೆಲವು ಸೀಸೆ ಒಡೆದಿದ್ದವು, ಉಳಿದವು ನೆಟ್ಟಗಿದ್ದವು.

ಓಡಿದರು. ಪೊದೆ, ಕಲ್ಲು, ಏರು. ಠಾಣೆಯ ಒಲೆಯ ಹೊಗೆ ಗಾಳಿಗೆ ಚದುರಿ ಎತ್ತ ಹೋಗಬೇಕೆಂದೇ ತಿಳಿಯಲಿಲ್ಲ. ಒಮ್ಮೆ ತಪ್ಪು ಏರು ಹತ್ತಿ ಇಳಿದರು. ಅಕ್ಕನ ಕಾಲು ಉಳುಕಿತ್ತು. ತಮ್ಮ ಹೆಗಲು ಕೊಟ್ಟ.

ಕಾವಲುಗಾರನ ರೆಪ್ಪೆ ಆಗಲೇ ಜೋತುಬಿದ್ದಿತ್ತು. ಅಲ್ಲಿಯವರೆಗೆ ಅಳುತ್ತಿದ್ದ ನರ್ಸ್ ಕಣ್ಣೊರೆಸಿಕೊಂಡು ಸೂಜಿ ಚುಚ್ಚಿದಳು. ಹೊತ್ತು ಇಳಿಯುವಾಗ ಅವನು ಕಣ್ಣು ಬಿಟ್ಟ. "ಈ ಗಾಳಿಲಿ ಯಾಕಮ್ಮ ಬಂದೆ?" ಎಂದ. ಅವಳು ಅವನ ಎದೆಗೆ ತಲೆಯಿಟ್ಟು ಮತ್ತೆ ಅತ್ತಳು, ಈ ಸಲ ಸಂತೋಷಕ್ಕೆ.

ವೈರ್‌ಲೆಸ್ಸಿನಲ್ಲಿ ವಿಮಾನ ಇಲಾಖೆಯ ಅಧಿಕಾರಿ ಕೇಳಿದರು, "ಇಳಿಯೋವಾಗ ವಿಮಾನ ಯಾರ ಕೈಲಿತ್ತು?"

"ನನ್ನ ಕೈಲಿ," ಇಬ್ಬರೂ ಒಟ್ಟಿಗೆ ಹೇಳಿದರು.

"ಯಾರಾದ್ರೂ ಒಬ್ರು ಹೇಳ್ರೀ."

ಅಕ್ಕ ತಮ್ಮನ ಕಡೆ ನೋಡಿದಳು. "ಯಾರ ಕೈಲೂ ಇರ್ಲಿಲ್ಲ ಸಾರ್. ನಾವು ಮಾತು ಬಿಟ್ಟಿದ್ವಿ."

"ಹಾಗೇ ಬರ್ಕೊಳ್ಳಲಾ?" ಎಂದರು ಅಧಿಕಾರಿ.

ಮರುದಿನ ಲಾರಿಯಲ್ಲಿ ಊರಿಗೆ ಹೊರಟರು. ಸೊಟ್ಟಗಾದ ಪ್ರೊಪೆಲರ್ ಇಬ್ಬರ ನಡುವೆ ಬಿದ್ದಿತ್ತು. ಕಾವಲುಗಾರ ಠಾಣೆಯ ಕಿಟಕಿಯಿಂದ ಕೈಯೆತ್ತಿದ. ಅದನ್ನು ನೋಡಿ ಅಕ್ಕನಿಗೆ ಮೈಕೈ ನೋವೆಲ್ಲ ಹಗುರಾಯಿತು.

"ಅಮ್ಮನಿಗೆ ಯಾರು ಹೇಳೋದು?" ತಮ್ಮ ಕೇಳಿದ.

ಅಕ್ಕ ಅವನ ಕಡೆಗೆ ಗಲ್ಲ ಎತ್ತಿದಳು. ಏನೋ ನೆನಪಾಗಿ ಬಾಯಿಬಿಟ್ಟೇ ಹೇಳಿದಳು, "ನಿಂದು."

ತಮ್ಮ ನಿಟ್ಟುಸಿರು ಬಿಟ್ಟ. "ನಂದು."