ಎಡಬಾಯಿಯ ಶಂಖ

"ತುದಿ ಮೇಲಕ್ಕೆ ಹಿಡಿಯೇ! ಬಾಯಿ ನಿನ್ನ ಕಡೆ ಇರಲಿ. ಈಗ ಹೇಳು, ಯಾವ ಪಕ್ಕ ಇದೆ?"

"ಬಲಕ್ಕೆ," ಎಂದಳು ಮೆಣಸಿನಕಾಯಿ. ಮೂಗಿನ ತುದಿಯಲ್ಲೇ ಸಿಟ್ಟು ಅಂತ ಮನೆಯವರು ಇಟ್ಟ ಹೆಸರದು.

"ಹಂಗಾದ್ರೆ ಎಸಿ. ಸಾವಿರ ಆರಿಸಿದ್ರೂ ಎಲ್ಲಾ ಬಲಬಾಯೇ ಕಣೇ," ಅಣ್ಣ ಮರಳು ಕೊಡವಿಕೊಂಡು ಎದ್ದ.

ಅವಳು ಎಸೆಯಲಿಲ್ಲ. ಎರಡು ಕೈ ತುಂಬುವಷ್ಟು ದೊಡ್ಡ ಶಂಖ. ಒಳಗೆ ಹುಳು ಇಲ್ಲವೆಂದು ಮೂಸಿ ನೋಡಿಯಾಗಿತ್ತು. ಇದನ್ನೆಲ್ಲ ಕಲಿಸಿದ್ದು ಅಪ್ಪ. ಅವನು ಹಡಗಿನ ಎಂಜಿನ್ ರೂಮಿನಲ್ಲಿ ಮೆಕ್ಯಾನಿಕ್. ಹೊರಡುವ ದಿನ ಅವಳು ಅವನ ಬ್ಯಾಗನ್ನೇ ಬಿಟ್ಟಿರಲಿಲ್ಲ. "ಎಡಬಾಯಿಯ ಶಂಖ ಹುಡುಕಿಡು. ಸಿಕ್ಕಿದ ದಿನವೇ ರಜಾ ಹಾಕಿ ಬಂದ್ಬಿಡ್ತೀನಿ," ಅಂದಿದ್ದ.

ಹನ್ನೊಂದು ತಿಂಗಳಾಯಿತು. ಕಂಪನಿಯವರು 'ಇನ್ನೆರಡು ತಿಂಗಳು' ಅಂತ ಮೂರನೇ ಸಲ ಹೇಳಿದ್ದರು. ಅವರ ಮನೆಯಲ್ಲಿ ಮಕ್ಕಳೇ ಇಲ್ಲವೇನೋ!

ಇವತ್ತು ಹಡಗು ಯಾವುದೋ ಬಂದರಿನಲ್ಲಿ ನಿಂತಿತ್ತು. ಫೋನ್ ಸಿಗುತ್ತಿತ್ತು. ಮನೆಗೆ ಬಂದವಳೇ ಅಮ್ಮನ ಫೋನ್ ಎತ್ತಿಕೊಂಡು ಶಂಖದ ಜೊತೆ ಸೆಲ್ಫಿಗೆ ನಿಂತಳು. ಕನ್ನಡಿಯಲ್ಲಿ ಕಂಡಂತೆ ಎಲ್ಲವೂ ಅದಲುಬದಲು! ಫೋನಿನಲ್ಲಿ ಶಂಖದ ಬಾಯಿ ಎಡಕ್ಕಿತ್ತು.

ಕ್ಲಿಕ್. ಕಳಿಸಿಯೇಬಿಟ್ಟಳು.

ಎರಡೇ ನಿಮಿಷಕ್ಕೆ ಅಪ್ಪನ ಫೋನ್.

"ಸಿಕ್ತು ಅಪ್ಪಾ! ಬರ್ತೀಯಲ್ಲಾ?"

ಆ ಕಡೆ ಎಂಜಿನ್ನಿನ ಗುಡುಗುಡು. ಅದರ ಮೇಲೆ ದನಿ ಏರಿಸಿ, "ಹೂಂ ಕಣೇ, ಎಡಬಾಯೇ. ತಾಳು, ರಜಾ ಕೇಳಿ ನೋಡ್ತೀನಿ," ಅಂದ.

ಅವಳು ಕುಣಿದಾಡಿದಳು. ಒಂದು ಗಂಟೆ ಬಿಟ್ಟು ಮನೆಗೆ ಬಂದ ಅಣ್ಣ ಫೋಟೋ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಲೇ ಪೆದ್ದಿ! ನಿನ್ನ ಯೂನಿಫಾರ್ಮ್ ಮೇಲಿನ ಬ್ಯಾಡ್ಜ್ ನೋಡು. ಸ್ಕೂಲ್ ಹೆಸರೇ ಉಲ್ಟಾ. ಅಪ್ಪಂಗೆ ಓದೋಕೆ ಬರಲ್ವಾ?"

ಅವಳು ಬ್ಯಾಡ್ಜನ್ನೇ ದಿಟ್ಟಿಸಿದಳು. ಹಾಗಾದರೆ ಅಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ಹೌದು ಅಂದನಾ? ನನಗೇ ಸುಳ್ಳಾ? ಸಿಟ್ಟು ನೆತ್ತಿಗೇರಿತು. ಫೋನ್ ಒತ್ತಿದಳು.

"ಅದು ಬಲಬಾಯಿ ಅಂತ ನಿಂಗೆ ಗೊತ್ತಿತ್ತು ಅಲ್ವಾ?"

"ಗೊತ್ತಿತ್ತು."

"ಮತ್ಯಾಕೆ ಹೌದು ಅಂದೆ?"

"ಆ ಫೋಟೋ ಹಿಡ್ಕೊಂಡು ಕ್ಯಾಪ್ಟನ್ ಹತ್ರ ಹೋಗಿದ್ದೆ ಕಣೇ. ಎಡಬಾಯಿ ಸಿಕ್ಕಿದೆ, ಮಗಳಿಗೆ ಮಾತು ಕೊಟ್ಟಿದೀನಿ, ಕಳಿಸಿಕೊಡಿ ಅಂದೆ."

"ಏನಂದ್ರು?"

"ನಕ್ಕರು. ಇನ್ನೆರಡು ತಿಂಗಳು ಅಂದ್ರು."

ಅಪ್ಪನೂ ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು. ಎಂಜಿನ್ನಿನ ಗುಡುಗುಡು ಕೇಳುತ್ತಲೇ ಇತ್ತು. ಇಬ್ಬರೂ ಫೋನ್ ಇಡಲಿಲ್ಲ.

"ಅಪ್ಪಾ," ಅಂದಳು ಅವಳು, ಮೆಲ್ಲಗೆ. "ಊಟ ಮಾಡಿದ್ಯಾ?"