ಹತ್ತು ನಿಮಿಷ ಮೊದಲೇ ಸ್ಟಾರ್ಟ್

"ಹೊನ್ನಯ್ಯನವರು ಇದಾರಾ?"

ಕಾರಿನ ಸ್ಟೀರಿಂಗ್ ಕೆಳಗೆ ತಲೆ ತೂರಿಸಿ ಮಲಗಿದ್ದ ಪ್ರಿಯದರ್ಶಿನಿ ಅಲ್ಲಿಂದಲೇ ಉತ್ತರಿಸಿದಳು. "ಅಪ್ಪ ಫ್ಯಾಕ್ಟರಿಯಿಂದ ರಿಟೈರ್ ಆಗಿ ಭದ್ರಾವತೀಲಿ ಮನೇಲಿದಾರೆ. ಬೋರ್ಡಲ್ಲಿ ಹೆಸರು ಮಾತ್ರ ಅವರದು. ಕೆಲಸ ಮಾಡೋದು ನಾನೇ, ಹೇಳಿ."

ಹೊರಗೆ ಬಂದು ನೋಡಿದಳು. ಎತ್ತರದ, ತೆಳ್ಳಗಿನ ಮನುಷ್ಯ. ಇಸ್ತ್ರಿ ಮಾಡಿದ ಹತ್ತಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. 'ಹೆಂಗಸರೂ ವೈರಿಂಗ್ ಮಾಡ್ತಾರಾ' ಎನ್ನುವ ಮುಖಗಳನ್ನು ಅವಳು ಮಲವಗೊಪ್ಪದ ಈ ಅಂಗಡಿಯಲ್ಲಿ ದಿನಕ್ಕೆ ನಾಲ್ಕಾದರೂ ನೋಡುತ್ತಿದ್ದಳು. ಇವನದು ಅಂಥ ಮುಖವಾಗಿರಲಿಲ್ಲ.

"ಹಾಗಾದ್ರೆ ನಿಮ್ಮನ್ನೇ ಕೇಳ್ತೀನಿ," ಎಂದ. "ನಂದು ಬಟನ್ ಒತ್ತಿ ಸ್ಟಾರ್ಟ್ ಮಾಡೋ ಕಾರು. ದೂರದಿಂದಲೇ ರಿಮೋಟಲ್ಲಿ ಸ್ಟಾರ್ಟ್ ಆಗೋ ಹಾಗೆ ಮಾಡ್ಬಹುದಾ?"

"ಗೇರು ಆಟೋಮ್ಯಾಟಿಕ್ಕಾ?"

"ಹೌದು."

"ಮುಚ್ಚಿದ ಶೆಡ್ಡಲ್ಲಿ ನಿಲ್ಲಿಸ್ತೀರಾ? ಒಳಗೇ ಇಂಜಿನ್ ಓಡಿದ್ರೆ ಹೊಗೆ ತುಂಬಿ ಜೀವಕ್ಕೇ ಅಪಾಯ."

"ಇಲ್ಲ. ರವೀಂದ್ರನಗರದಲ್ಲಿ ನಮ್ಮನೆ ಮುಂದೆ ಬಯಲಲ್ಲೇ ನಿಲ್ಸೋದು. ಹಗಲೆಲ್ಲ ಭದ್ರಾವತಿಯ ಕಾಲೇಜು ಮೈದಾನದಲ್ಲಿರುತ್ತೆ. ಆ ಕಾಲೇಜಲ್ಲಿ ಗಣಿತ ಪಾಠ ಹೇಳ್ತೀನಿ."

"ಯಾಕೆ ಬೇಕು?"

"ಬಿಸಿಲು. ನಾನು ಹತ್ತೋ ಹತ್ತು ನಿಮಿಷ ಮೊದಲೇ ಎಸಿ ಓಡ್ತಿದ್ರೆ ಒಳ್ಳೇದು."

ಅವಳಿಗೆ ನಗು ಬಂತು. "ಬಿಸಿಲು ಎಲ್ಲರಿಗೂ ಇದೆ ಸಾರ್. ನೀವೊಬ್ರೇ ಕರಗಿಹೋಗ್ತೀರಾ?"

"ಕರಗಲ್ಲ ಅನ್ಕೊಂಡಿದೀನಿ," ಎಂದು ಅವನೂ ನಕ್ಕ. ಹೆಸರು ಮಧುಸೂದನ ಎಂದು ಹೇಳಿ, ಭಾನುವಾರ ಕಾರು ತರುವುದಾಗಿ ಒಪ್ಪಿಕೊಂಡು ಹೋದ.

ಅದು ಮಾರ್ಚ್ ತಿಂಗಳು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೇ ಅಂಗಡಿಯ ತಗಡು ಕಾದಿತ್ತು. ಪ್ರಿಯದರ್ಶಿನಿ ಸ್ಟೀರಿಂಗ್ ಸುತ್ತಲಿನ ಪ್ಯಾನೆಲ್ ಬಿಚ್ಚಿ, ಒಂದೊಂದೇ ವೈರನ್ನು ಮೀಟರಿನಿಂದ ಪರೀಕ್ಷಿಸಿ, ಅಂಗೈಯಗಲದ ಒಂದು ಕಪ್ಪು ಪೆಟ್ಟಿಗೆಗೆ ಜೋಡಿಸತೊಡಗಿದಳು. ಅವನು ಫ್ಯಾನಿನ ಕೆಳಗೆ ಸ್ಟೂಲ್ ಹಾಕಿಕೊಂಡು ಕೂತು ನೋಡುತ್ತಿದ್ದ.

"ಅದೇನು ಮಾಡುತ್ತೆ?"

"ಬ್ರೇಕ್ ತುಳಿದು ಬಟನ್ ಒತ್ತಿದ್ರೆ ತಾನೇ ನಿಮ್ಮ ಕಾರು ಸ್ಟಾರ್ಟ್ ಆಗೋದು? ಇದು ನೀವು ಬ್ರೇಕ್ ತುಳಿದಿದೀರಿ ಅಂತ ಕಾರಿಗೆ ಹೇಳುತ್ತೆ."

"ನಾನು ಸ್ಟಾಫ್ ರೂಮಲ್ಲಿ ಕೂತಿರುವಾಗ? ಅಂದ್ರೆ ಸುಳ್ಳು ಹೇಳುತ್ತೆ."

"ಒಳ್ಳೇ ಸುಳ್ಳು."

"ಓಡ್ತಿರೋ ಕಾರನ್ನ ಕಳ್ಳ ಬಂದು ತಗೊಂಡು ಹೋದ್ರೆ?"

"ಕೀ ಒಳಗಿಲ್ದೆ ಬ್ರೇಕ್ ಮುಟ್ಟಿದ್ರೆ ಇಂಜಿನ್ ಆಫ್. ಬಾನೆಟ್ ತೆಗೆದಿದ್ರೆ ಸ್ಟಾರ್ಟೇ ಆಗಲ್ಲ. ಇನ್ನೂ ಪ್ರಶ್ನೆ ಇದೆಯಾ ಮೇಷ್ಟ್ರೇ?"

"ಸದ್ಯಕ್ಕಿಲ್ಲ," ಎಂದ. ಆದರೆ ಕಣ್ಣು ಅವಳ ಬೆರಳುಗಳ ಮೇಲೆಯೇ ಇತ್ತು. ಸೋಲ್ಡರಿಂಗ್ ಕಡ್ಡಿ ಹಿಡಿದ ಕೈ ಆ ನೋಟಕ್ಕೆ ಯಾಕೋ ಸ್ವಲ್ಪ ನಿಧಾನವಾಯಿತು.

ಕೆಲಸ ಮುಗಿಯುವಾಗ ಮಧ್ಯಾಹ್ನ ಮೂರು. ಇಬ್ಬರಿಗೂ ಕಾಫಿ ತರುತ್ತೇನೆಂದು ಹೋದವನು ಅರ್ಧ ಗಂಟೆ ಬರಲಿಲ್ಲ. ಬಂದಾಗ ಅರ್ಧ ಕಾಫಿ ಅಂಗಿಯ ಮೇಲಿತ್ತು. ಒಂದು ಕಾಲು ಎಳೆಯುತ್ತಿದ್ದ. ಕಾರಿನ ಬಾಗಿಲ ಹಿಡಿಯನ್ನು ಕುರುಡನಂತೆ ತಡವಿದ.

ಪ್ರಿಯದರ್ಶಿನಿ ಕೀಯನ್ನು ಜೇಬಿಗೆ ಹಾಕಿಕೊಂಡಳು. "ಎಷ್ಟು ಕುಡಿದಿದೀರಿ?"

"ನಾನು ಕುಡಿಯಲ್ಲ."

"ನೆಟ್ಟಗೆ ನಿಂತ್ಕೊಳ್ಳೋಕೆ ಆಗ್ತಿಲ್ಲ ನಿಮಗೆ. ಕೀ ಕೊಡಲ್ಲ. ಯಾರನ್ನಾದ್ರೂ ಗುದ್ದಿ ಸಾಯಿಸ್ತೀರಿ."

ಅವನ ಮುಖ ಕೆಂಪಾಯಿತು. ಏನೋ ಹೇಳಹೊರಟು ನಿಲ್ಲಿಸಿದ. "ಕೊಡ್ಬೇಡಿ. ನೀವು ಮಾಡ್ತಿರೋದು ಸರಿ," ಎಂದಷ್ಟೇ ಹೇಳಿ ರಸ್ತೆಯಲ್ಲಿ ಆಟೋ ನಿಲ್ಲಿಸಿ ಹೊರಟುಹೋದ.

ಕುಡಿದವರು ಹಾಗೆ ಹೇಳುವುದನ್ನು ಅವಳು ಕೇಳಿರಲಿಲ್ಲ. ಆಮೇಲೆ ನೆನಪಾಯಿತು, ವಾಸನೆ ಕೂಡ ಇರಲಿಲ್ಲ.

ಮರುದಿನ ಬೆಳಿಗ್ಗೆ ಕಾರನ್ನು ತಾನೇ ರವೀಂದ್ರನಗರಕ್ಕೆ ಓಡಿಸಿಕೊಂಡು ಹೋದಳು. ಅವನ ತಾಯಿ ಸುಬ್ಬಲಕ್ಷ್ಮಿ ಬಾಗಿಲು ತೆರೆದು, ಕೂರಿಸಿ, ಮಜ್ಜಿಗೆ ತರಲು ಒಳಗೆ ಹೋದರು. ಮಧುಸೂದನ ನೆಟ್ಟಗೆ ನಡೆದು ಬಂದ.

"ಇವತ್ತು ಸರಿಯಾಗಿದೀರಿ," ಎಂದಳು.

"ಇವತ್ತು ಇನ್ನೂ ಬಿಸಿಲೇರಿಲ್ಲ." ಎದುರಿಗೆ ಕೂತು, ಪಾಠ ಹೇಳುವವನಂತೆ ಹೇಳಿದ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆ. ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಕಿತ್ತುಹೋಗುತ್ತದೆ. ಮೈ ಬಿಸಿಯಾದರೆ ಕಣ್ಣು ಮಬ್ಬಾಗುತ್ತದೆ, ಕಾಲು ಸೋಲುತ್ತದೆ. ತಂಪಾದರೆ ಮರಳಿ ಬರುತ್ತದೆ. ತಂಪಾಗಿರುವ ಕಾರಾದರೆ ಮಾತ್ರ ಓಡಿಸು ಎಂದು ಡಾಕ್ಟರು ಹೇಳಿದ್ದರು. ನಿನ್ನೆ ಹೋಟೆಲಿನವರೆಗೆ ನಡೆದದ್ದೇ ತಪ್ಪಾಯಿತು.

"ಇನ್ಸುಲೇಶನ್ ಹೋದ ವೈರು," ಎಂದಳು ಅವಳು.

"ಹೌದು. ನನಗೆ ಯಾರೂ ಇಷ್ಟು ಸುಲಭವಾಗಿ ಹೇಳಿರ್ಲಿಲ್ಲ."

"ನಿನ್ನೆ ಹೇಳ್ಬಹುದಿತ್ತಲ್ಲ? ನಾನು ಏನೇನೋ ಬೈದೆ."

"ಹೇಳಿದ ತಕ್ಷಣ ಎಲ್ಲರ ಮುಖಾನೂ ಬದಲಾಗುತ್ತೆ. ಒಂದು ಮದುವೆ ಮಾತುಕತೆ ಹಾಗೇ ಮುರಿದುಬಿದ್ದಿದೆ. ಅದಕ್ಕಿಂತ ನೀವು ಬೈದಿದ್ದೇ ವಾಸಿ ಅನ್ನಿಸ್ತು."

ಅವಳಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಸುಬ್ಬಲಕ್ಷ್ಮಿ ತಂದ ಮಜ್ಜಿಗೆಯನ್ನು ಒಂದೇ ಗುಟುಕಿಗೆ ಕುಡಿದುಬಿಟ್ಟಳು.

ಎಂಟು ದಿನಕ್ಕೆ ಅವನು ಅಂಗಡಿಗೆ ಬಂದ. ರಿಮೋಟ್ ದೂರದಿಂದ ಹಿಡಿಯುತ್ತಿಲ್ಲವಂತೆ. ಅವಳು ರಸ್ತೆಯಾಚೆಗೆ ಹೋಗಿ ಒತ್ತಿದಳು. ಕಾರು ಕೂಡಲೇ ಚಾಲೂ ಆಯಿತು. ಮತ್ತೆರಡು ವಾರಕ್ಕೆ, ಏನೋ ಸದ್ದು ಬರುತ್ತದೆಂದು ಬಂದ. ಇಬ್ಬರೂ ಕಾರಿನೊಳಗೆ ಎಸಿ ಹಾಕಿ ಕೂತು ಆ ಸದ್ದಿಗಾಗಿ ಮುಕ್ಕಾಲು ಗಂಟೆ ಕಾದರು. ಸದ್ದು ಬರಲಿಲ್ಲ. ಅವನ ತರಗತಿಯ ಕತೆ, ಅವಳು ಡಿಪ್ಲೊಮಾ ಓದುವಾಗ ಅಪ್ಪನ ಜೊತೆ ಆಡಿದ ಜಗಳ, ಎಲ್ಲ ಬಂದವು.

"ಮೂರನೇ ಸಲ ಏನು ಕಂಪ್ಲೇಂಟ್ ತರ್ತೀರಿ?" ಎಂದಳು ಇಳಿಯುವಾಗ.

"ಯೋಚನೆ ಮಾಡ್ತಿದೀನಿ."

ಮೂರನೇ ಸಲ ಅವನು ಬರಲಿಲ್ಲ. ಏಪ್ರಿಲ್ ಪೂರ್ತಿ ಕಳೆಯಿತು. ಬಿ.ಎಚ್. ರಸ್ತೆಯಲ್ಲಿ ಅವನದರಂಥ ಬಿಳಿ ಕಾರು ನಿಧಾನವಾದಾಗಲೆಲ್ಲ ಅವಳು ಕೈಯ ಕೆಲಸ ಬಿಟ್ಟು ನೋಡುತ್ತಿದ್ದಳು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಮೇ ತಿಂಗಳ ಒಂದು ಗುರುವಾರ ಅವನೇ ಮಾಡಿದ. ಕಾಯಿಲೆ ಮರುಕಳಿಸಿತ್ತು. ಐದು ದಿನ ಆಸ್ಪತ್ರೆಯಲ್ಲಿದ್ದ. ಬಲಗಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಕಾರು ಮಾರುತ್ತಿದ್ದೇನೆ, ಭಾನುವಾರ ಬಂದು ರಿಮೋಟ್ ಸ್ಟಾರ್ಟರ್ ಬಿಚ್ಚಿಕೊಡಿ ಎಂದ.

ಭಾನುವಾರ ಅವಳು ಟೂಲ್‌ಬಾಕ್ಸ್ ಹಿಡಿದು ಹೋದಳು. ಅವನು ಜಗಲಿಯ ಕುರ್ಚಿಯಲ್ಲಿದ್ದ, ಪಕ್ಕದಲ್ಲಿ ಊರುಗೋಲು. ಅವಳು ಕಾರಿನ ಬಾಗಿಲು ತೆರೆದು ಕೂತಳು. ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು. ಎರಡು ನಿಮಿಷ ಹಾಗೇ ಇದ್ದು, ಅದನ್ನು ಕೆಳಗಿಟ್ಟು ಜಗಲಿಗೆ ಬಂದಳು.

"ಬಿಚ್ಚೋಕೆ ಶಿವಮೊಗ್ಗದಲ್ಲಿ ಬೇರೆ ಮೆಕ್ಯಾನಿಕ್ ಇರ್ಲಿಲ್ವಾ?"

ಅವನು ಊರುಗೋಲನ್ನು ಕುರ್ಚಿಯ ಇನ್ನೊಂದು ಪಕ್ಕಕ್ಕೆ ಸರಿಸಿಟ್ಟ.

"ಮಾತಾಡಿ ಮಾರಾಯ್ರೇ."

"ಇದು ಪೂರ್ತಿ ವಾಸಿಯಾಗೋದಲ್ಲ ಪ್ರಿಯಾ. ಈ ಕಣ್ಣು ಬರಬಹುದು, ಬರದೇನೂ ಇರಬಹುದು. ಹತ್ತು ವರ್ಷಕ್ಕೆ ಹೇಗಿರ್ತೀನೋ ಯಾರೂ ಹೇಳಲ್ಲ. ನಿಮ್ಮನ್ನ ತುಂಬಾ ಇಷ್ಟಪಟ್ಟಿದೀನಿ. ಅದಕ್ಕೇ ಇನ್ನು ನೋಡೋದು ಬೇಡ ಅನ್ಕೊಂಡೆ. ಆಮೇಲೆ ಒಂದ್ಸಲ ನೋಡೋಣ ಅನ್ನಿಸ್ತು, ಫೋನ್ ಮಾಡ್ದೆ."

ಅವಳು ಮೆಟ್ಟಿಲ ಮೇಲೆ ಕೂತಳು. "ಮೂರು ದಿನದಿಂದ ನಾನು ಇದರ ಬಗ್ಗೇನೇ ಓದ್ತಿದೀನಿ. ಒಳ್ಳೇದೂ ಓದಿದೆ, ಕೆಟ್ಟದ್ದೂ ಓದಿದೆ. ಹೆದ್ರಿಕೆ ಇಲ್ಲ ಅಂತ ಹೇಳಲ್ಲ, ಇದೆ. ಅದೆಲ್ಲ ಓದಿದ್ಮೇಲೂ ಬಸ್ ಹತ್ತಿ ಬಂದಿದೀನಿ. ನಂಗೂ ನೀವು ಇಷ್ಟ."

ಮಧುಸೂದನ ಕನ್ನಡಕ ತೆಗೆದು ಒರೆಸಿಕೊಂಡ. ಮತ್ತೆ ಹಾಕಿಕೊಳ್ಳುವಾಗ ಅದರ ಒಂದು ಕಡ್ಡಿ ಕಿವಿಗೆ ಸಿಗಲಿಲ್ಲ. ಅವಳು ಎದ್ದು ಅದನ್ನು ಹಾಕಿ, ಅವನ ಕೈಯನ್ನು ಬಿಡದೆ ಹಿಡಿದುಕೊಂಡಳು.

ಒಳಗಿನಿಂದ ಸುಬ್ಬಲಕ್ಷ್ಮಿಯ ದನಿ ಬಂತು. "ಮಧೂ, ಆ ಹುಡುಗಿ ಏನು ಹೇಳಿದ್ಲೋ ನಂಗೆ ಕೇಳಿಸ್ತು. ನೀನು ಏನಾದ್ರೂ ಹೇಳೋ."

"ಕಾರು ಮಾರಲ್ಲಮ್ಮ," ಎಂದ ಮಧುಸೂದನ.

ಅಂದೇ ಸಂಜೆ ಅವಳು ಅದೇ ಕಾರಿನಲ್ಲಿ ಅವನನ್ನು ಕೂರಿಸಿಕೊಂಡು ಭದ್ರಾವತಿಗೆ ಹೋದಳು. ನ್ಯೂ ಟೌನಿನ ಮನೆಯಲ್ಲಿ ಹೊನ್ನಯ್ಯ ಮಗಳು ಹೇಳಿದ್ದನ್ನೆಲ್ಲ ನಿಂತೇ ಕೇಳಿದ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು; ಅರ್ಧ ಮಾತಿಗೆ ತಲೆಯಾಡಿಸುವ ಅಭ್ಯಾಸ ಅವನಿಗಿರಲಿಲ್ಲ. ಕಾಯಿಲೆಯ ಹೆಸರನ್ನು ಎರಡು ಸಲ ಹೇಳಿಸಿಕೊಂಡ. ಊರುಗೋಲನ್ನು ನೋಡಿದ, ಮಗಳ ಮುಖ ನೋಡಿದ. ಕಡೆಗೆ ಕೇಳಿದ.

"ನೀವು ಬ್ರಾಹ್ಮಣರಂತೆ. ನಮ್ಮನೇಲಿ ಊಟ ಮಾಡ್ತೀರಾ?"

"ಮಾಡ್ತೀನಿ. ಗಾಬರೀಲಿ ಬೆಳಿಗ್ಗೆಯಿಂದ ಏನೂ ತಿಂದಿಲ್ಲ," ಎಂದ ಮಧುಸೂದನ.

ಹೊನ್ನಯ್ಯನ ಮುಖ ಸಡಿಲವಾಯಿತು. ಅವನು ಒಳಕೋಣೆಗೆ ಹೋಗಿ ತನ್ನ ಮಂಚದ ಪಕ್ಕದ ಟೇಬಲ್ ಫ್ಯಾನನ್ನು ಎತ್ತಿಕೊಂಡು ಬಂದು, ನಡುಮನೆಯಲ್ಲಿ ಊಟಕ್ಕೆ ಹಾಕಿದ ಎಲೆಗೆ ಗಾಳಿ ಬಡಿಯದಂತೆ, ಕೂರುವವನ ಬೆನ್ನಿಗೆ ಸರಿಯಾಗಿ ತಿರುಗಿಸಿ ಇಟ್ಟ.