ಕಡ್ಡಿಯ ಹಸಿರು ಗೆರೆ

“ತೂತು ಸಿಕ್ತಾ?” ಬೈಕಿನ ಆ ಪಕ್ಕದಿಂದ ಅಮ್ಮ ಕೇಳಿದಳು.

“ಸಿಕ್ತು. ಬೆರಳು ಒಳಗೆ ಹೋಗ್ತಿದೆ,” ಎಂದಳು ಕಡ್ಡಿ.

ಪೆಟ್ರೋಲ್ ಟ್ಯಾಂಕಿನ ಕೆಳಗೆ, ಹಾರ್ನ್ ಮತ್ತು ವೈರುಗಳ ಹಿಂದೆ, ಬೈಕಿನ ಫ್ರೇಮಿನ ಎಡಗಡೆ ಒಂದು ತೂತು ಇತ್ತು. ದೊಡ್ಡವರ ಕೈ ಅಲ್ಲಿಗೆ ತಲುಪಬೇಕಾದರೆ ಟ್ಯಾಂಕನ್ನೇ ಬಿಚ್ಚಬೇಕು. ಗ್ಯಾರೇಜಿನಲ್ಲಿ ಕೆಲಸ ಮಾಡುವ ಗ್ರೀಸ್ ಮಾಮನ ಬೆರಳುಗಳಂತೂ ಬಾಳೆಹಣ್ಣಿನಷ್ಟು ದಪ್ಪ. ಐದನೇ ಕ್ಲಾಸಿನ ಕಡ್ಡಿಯ ಕೈ ಮಾತ್ರ ಸಲೀಸಾಗಿ ತೂರುತ್ತಿತ್ತು. ಅವಳ ಮೈಯೂ ಹಾಗೆಯೇ ತೆಳ್ಳಗೆ. ಆ ಹೆಸರು ಬಂದದ್ದೇ ಅದರಿಂದ.

ಬೈಕು ಅತ್ತೆಯದು. ಕ್ಲಿನಿಕ್ಕುಗಳಿಂದ ರಕ್ತದ ಸ್ಯಾಂಪಲ್ ತೆಗೆದುಕೊಂಡು ಲ್ಯಾಬಿಗೆ ತಲುಪಿಸುವುದು ಅವಳ ಕೆಲಸ. ಕಳೆದ ವಾರ ತಿರುವಿನಲ್ಲಿ ಮರಳಿನ ಮೇಲೆ ಚಕ್ರ ಜಾರಿ ಬಿದ್ದಿದ್ದಳು. ಟ್ಯಾಂಕು ನೆಗ್ಗಿತ್ತು, ಮೊಣಕಾಲು ಊದಿತ್ತು. ಅದಕ್ಕೇ ಅಮ್ಮ ಇವತ್ತು ಬೈಕಿಗೆ ಕ್ರ್ಯಾಶ್ ಗಾರ್ಡ್ ಹಾಕುತ್ತಿದ್ದಳು. ಎಡಕ್ಕೊಂದು, ಬಲಕ್ಕೊಂದು ಬಾಗಿದ ದಪ್ಪ ಪೈಪು. ಬೈಕು ಬಿದ್ದರೆ ಮೊದಲು ನೆಲ ಮುಟ್ಟುವುದು ಆ ಪೈಪು. ಕಾಲು ಉಳಿಯುತ್ತದೆ.

“ಬಲಗಡೆ ನಾನು ಹಾಕ್ತೀನಿ. ಎಡಗಡೆ ನೀನು,” ಎಂದು ಅಮ್ಮ ಬೆಳಗ್ಗೆಯೇ ಹೇಳಿದ್ದಳು. “ಮೇಲೊಂದು ಬೋಲ್ಟ್, ಕೆಳಗೆರಡು. ಮೂರನ್ನೂ ಮೊದಲು ಬರೀ ಬೆರಳಲ್ಲಿ ತಿರುಗಿಸಿ ಕೂರಿಸು. ಆಮೇಲೆ ಸ್ಪ್ಯಾನರ್. ಗೊತ್ತಾಯ್ತಾ?”

“ಗೊತ್ತಾಯ್ತು, ಗೊತ್ತಾಯ್ತು.”

“ಎರಡು ಸಲ ಗೊತ್ತಾಯ್ತು ಅಂದ್ರೆ ಅರ್ಧ ಗೊತ್ತಾಗಿದೆ ಅಂತ ಅರ್ಥ,” ಎಂದ ಗ್ರೀಸ್ ಮಾಮ.

ಕಡ್ಡಿಯ ಮನಸ್ಸು ಬೇರೆ ಕಡೆ ಇತ್ತು. ಅವಳ ಜೇಬಿನಲ್ಲಿ ಹಸಿರು ನೇಲ್ ಪಾಲಿಶಿನ ಒಂದು ಬಾಟಲಿ ಇತ್ತು.

ಈ ಗ್ಯಾರೇಜಿನಲ್ಲಿ ಒಂದು ರೂಢಿ. ಬೋಲ್ಟ್ ಬಿಗಿ ಮಾಡಿದವರು ಅದರ ತಲೆಯಿಂದ ಪಕ್ಕದ ಲೋಹದವರೆಗೆ ಬಣ್ಣದ ಒಂದು ಸಣ್ಣ ಗೆರೆ ಎಳೆಯಬೇಕು. ಬೋಲ್ಟ್ ಕೊಂಚ ತಿರುಗಿದರೂ ಗೆರೆ ಎರಡು ತುಂಡಾಗಿ ಕಾಣುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಯಾರ ಗೆರೆಯೋ ಅವರೇ ಹೊಣೆ. ಸ್ಪ್ಯಾನರುಗಳನ್ನು ನೇತುಹಾಕುವ ಬೋರ್ಡಿನ ತಲೆಯ ಮೇಲೆ ಆ ಬಣ್ಣಗಳ ಚುಕ್ಕೆಗಳಿದ್ದವು. ಗ್ಯಾರೇಜು ಶುರು ಮಾಡಿದ ತಾತನ ನೀಲಿ, ಅಮ್ಮನ ಬಿಳಿ, ಗ್ರೀಸ್ ಮಾಮನ ಹಳದಿ. ಹಳದಿಯ ಪಕ್ಕ ಜಾಗ ಖಾಲಿ.

“ಸೋಮವಾರದೊಳಗೆ ನನಗೂ ಒಂದು ಬಣ್ಣ ಇರುತ್ತೆ,” ಎಂದು ಕಡ್ಡಿ ಶಾಲೆಯಲ್ಲಿ ಪಕ್ಕದ ಸೀಟಿನ ಗೆಳತಿಗೆ ಹೇಳಿದ್ದಳು. “ಉಗುರಿಗಾ?” ಎಂದು ಕೇಳಿ ಅವಳು ನಕ್ಕಿದ್ದಳು.

ಅಷ್ಟರಲ್ಲಿ ಪಂಕ್ಚರ್ ಆದ ಸ್ಕೂಟರೊಂದನ್ನು ಯಾರೋ ತಳ್ಳಿಕೊಂಡು ಬಂದರು. ಅಮ್ಮ ಬಾಗಿಲ ಬಳಿ ಹೋದಳು.

ಕಡ್ಡಿ ಕೆಳಗಿನ ಎರಡು ಬೋಲ್ಟುಗಳನ್ನು ಕೂರಿಸಿದಳು. ಮೇಲಿನದು ಬಾಕಿ ಇತ್ತು. ಆದರೆ ಪಕ್ಕದಲ್ಲೇ ಟಕ್ ಸ್ಪ್ಯಾನರ್ ಬಿದ್ದಿತ್ತು. ಅದಕ್ಕೆ ಕಂಪನಿಯವರು ಕೊಟ್ಟ ಹೆಸರು ಬೇರೆ. ಎಷ್ಟು ಬಿಗಿ ಬೇಕೋ ಅಷ್ಟಾದ ಕೂಡಲೇ ‘ಟಕ್’ ಅನ್ನುವುದರಿಂದ ಇಲ್ಲಿ ಎಲ್ಲರಿಗೂ ಅದು ಟಕ್ ಸ್ಪ್ಯಾನರ್. ಆ ಸದ್ದೆಂದರೆ ಕಡ್ಡಿಗೆ ಪ್ರಾಣ. ಎರಡು ಬೋಲ್ಟ್ ತಾನೇ ಎಂದುಕೊಂಡಳು.

ಟಕ್. ಟಕ್.

ಈಗ ಮೇಲಿನದು. ಪೈಪಿನ ತೂತು ಫ್ರೇಮಿನ ತೂತಿಗೆ ನೇರವಾಗಿ ಬರುತ್ತಿರಲಿಲ್ಲ. ಕೂದಲೆಳೆಯಷ್ಟು ಕೆಳಗಿತ್ತು. ಕಡ್ಡಿ ಮಂಡಿಯಿಂದ ಪೈಪನ್ನು ಮೇಲಕ್ಕೆ ಒತ್ತಿ ಬೋಲ್ಟ್ ತಿರುಗಿಸಿದಳು. ಎರಡು ಸುತ್ತು ಹೋಯಿತು, ಆಮೇಲೆ ಗಟ್ಟಿಯಾಯಿತು. ಬೆರಳಿಗೆ ಬಗ್ಗಲಿಲ್ಲ. ಉದ್ದನೆಯ ರಾಡು ಸಿಕ್ಕಿಸಿ ಸ್ಪ್ಯಾನರನ್ನು ಎರಡೂ ಕೈಯಲ್ಲಿ ಎಳೆದಳು.

ಟಕ್.

ಸದ್ದು ಬಂತಲ್ಲ. ಕಡ್ಡಿ ಬಾಟಲಿ ತೆಗೆದಳು. ನಾಲಿಗೆ ಕಚ್ಚಿಕೊಂಡು, ಕತ್ತು ವಾಲಿಸಿ, ಮೂರು ಬೋಲ್ಟುಗಳಿಗೂ ಹಸಿರು ಗೆರೆ ಎಳೆದಳು.

ಅಮ್ಮ ಬಂದು ಮೂರಕ್ಕೂ ಸ್ಪ್ಯಾನರ್ ಹಾಕಿ ನೋಡಿದಳು. ಟಕ್, ಟಕ್, ಟಕ್. ಪೈಪು ಹಿಡಿದು ಅಲ್ಲಾಡಿಸಿದಳು. ಅಲುಗಲಿಲ್ಲ.

“ಪರವಾಗಿಲ್ಲ ಕಣೇ,” ಎಂದಳು. ಅಮ್ಮನ ಬಾಯಲ್ಲಿ ‘ಪರವಾಗಿಲ್ಲ’ ಎಂದರೆ ಬೇರೆಯವರ ಬಾಯಲ್ಲಿ ‘ಭೇಷ್’ ಎಂದಂತೆ.

ಅತ್ತೆ ಹೆಲ್ಮೆಟ್ ಹಿಡಿದು ಬಂದಳು. “ಅತ್ತಿಗೆ, ಆಯ್ತಾ? ಕ್ಲಿನಿಕ್ಕಿನವರು ಕಾಯ್ತಿದ್ದಾರೆ.” ಬಗ್ಗಿ ನೋಡಿ ಹುಬ್ಬೇರಿಸಿದಳು. “ಈ ಹಸಿರು ಎಲ್ಲೋ ನೋಡಿದ ಹಾಗಿದೆಯಲ್ಲ. ಕಳ್ಳಿ, ನನ್ನ ನೇಲ್ ಪಾಲಿಶ್.”

ಎಲ್ಲರೂ ನಕ್ಕರು. ಕಡ್ಡಿಯೂ ನಕ್ಕಳು. ನಗುತ್ತಲೇ, ಗೆರೆ ಒಣಗಿದೆಯೇ ಎಂದು ನೋಡಲು ಟ್ಯಾಂಕಿನ ಕೆಳಗೆ ಕೈ ತೂರಿಸಿದಳು. ಬೆರಳು ಬೋಲ್ಟಿನ ತಲೆಯ ಅಡಿಯ ಬಳೆಯಂಥ ವಾಷರಿಗೆ ತಗುಲಿತು.

ವಾಷರ್ ತಿರುಗಿತು.

ಬಿಗಿಯಾದ ಬೋಲ್ಟಿನ ಕೆಳಗೆ ವಾಷರ್ ತಿರುಗಬಾರದು. ಕಡ್ಡಿ ಮತ್ತೊಮ್ಮೆ ಉಗುರಿನಿಂದ ತಳ್ಳಿದಳು. ಮತ್ತೆ ತಿರುಗಿತು. ಅವಳ ನಗು ಅಲ್ಲೇ ನಿಂತಿತು.

ಅಲ್ಲಿಗೆ ಬೇರೆ ಯಾರ ಬೆರಳೂ ತಲುಪುವುದಿಲ್ಲ. ಸ್ಪ್ಯಾನರ್ ಟಕ್ ಅಂದಿದೆ. ಅಮ್ಮ ನೋಡಿಯಾಗಿದೆ. ‘ಬಾಯಿ ಬಿಟ್ಟರೆ ಬಣ್ಣಗೇಡು’ ಎಂದು ತಾತ ಆಗಾಗ ಹೇಳುತ್ತಿದ್ದರು. ಈಗ ಬಾಯಿ ಬಿಟ್ಟರೆ ತನ್ನ ಬಣ್ಣ ನಿಜಕ್ಕೂ ಹೋಗುತ್ತದೆ ಎನಿಸಿತು ಕಡ್ಡಿಗೆ. ಸೋಮವಾರ ಆ ಗೆಳತಿಗೆ ಏನು ಹೇಳುವುದು?

ಅತ್ತೆ ಬೈಕಿನ ಮೇಲೆ ಕಾಲು ಹಾಕಿದಳು. ಊದಿದ ಮೊಣಕಾಲು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ಅದನ್ನು ಕೈಯಲ್ಲಿ ಹಿಡಿದು ಎತ್ತಿಕೊಂಡಳು. ಆ ಮೊಣಕಾಲು ಬಂದು ನಿಂತದ್ದು ಎಡಗಡೆಯ ಪೈಪಿನ ಹಿಂದೆಯೇ.

“ಅತ್ತೆ, ಇಳಿ,” ಎಂದಳು ಕಡ್ಡಿ.

“ಯಾಕೆ?”

“ಮೇಲಿನ ಬೋಲ್ಟ್ ಕೂತಿಲ್ಲ. ವಾಷರ್ ತಿರುಗ್ತಿದೆ.”

ಗ್ರೀಸ್ ಮಾಮ ತಲೆ ಎತ್ತಿದ. “ಟಕ್ ಅಂತಲ್ಲ?”

“ಅಂತು. ಆದ್ರೆ ಎರಡು ಸುತ್ತಿಗೇ ಬೋಲ್ಟ್ ಗಟ್ಟಿಯಾಗಿತ್ತು. ನಾನು ಎಳೆದೆ.” ಕಡ್ಡಿ ಕೆಳಗೆ ಬೆರಳು ತೋರಿಸಿದಳು. “ಕೆಳಗಿನ ಎರಡನ್ನೂ ಮೊದಲೇ ಟಕ್ ಮಾಡಿಬಿಟ್ಟಿದ್ದೆ.”

ಅಮ್ಮ ಬೈಕಿನ ಪಕ್ಕ ಕುಕ್ಕರಿಸಿದಳು. ರಾಡು ಹಾಕಿ ಬೋಲ್ಟ್ ಬಿಚ್ಚಿದಳು. ಅದು ಕಿರ್ ಕಿರ್ ಅನ್ನುತ್ತ ಹೊರಬಂತು. ತುದಿಯ ಸುರುಳಿ ಗೆರೆಗಳ ಥ್ರೆಡ್ ಸವೆದು, ಇಲಿ ಕಡಿದಂತೆ ಆಗಿತ್ತು. ಕಬ್ಬಿಣದ ಹೊಳೆಯುವ ಚೂರುಗಳು ಅಂಟಿಕೊಂಡಿದ್ದವು.

“ಕೆಳಗೆ ಮೊದಲೇ ಬಿಗಿದದ್ದಕ್ಕೆ ಇದು ಓರೆಯಾಗಿ ಹೋಗಿದೆ,” ಎಂದಳು ಅಮ್ಮ. “ಗಟ್ಟಿಯಾದ್ರೆ ಸಾಕು, ಸ್ಪ್ಯಾನರ್ ಟಕ್ ಅನ್ನುತ್ತೆ. ಯಾಕೆ ಗಟ್ಟಿಯಾಯ್ತು ಅಂತ ಅದಕ್ಕೇನು ಗೊತ್ತು? ಅದು ಬೆರಳಿಗೇ ಗೊತ್ತಾಗ್ಬೇಕು.”

ಟಾರ್ಚ್ ಹಾಕಿ ತೂತಿನೊಳಗೆ ನೋಡಿದಳು. “ಫ್ರೇಮಿನ ಥ್ರೆಡ್ ಉಳಿದಿದೆ. ಹೀಗೇ ಓಡಿಸಿದ್ರೆ ಅದೂ ಕಿತ್ಕೊಂಡು ಬರ್ತಿತ್ತು.”

“ಬಿದ್ದಿದ್ರೆ ಪೈಪೂ ನನ್ನ ಕಾಲ ಮೇಲೇ,” ಎಂದಳು ಅತ್ತೆ. ಫೋನ್ ತೆಗೆದು, ಬರುವುದು ತಡವಾಗುತ್ತದೆ ಎಂದು ಕ್ಲಿನಿಕ್ಕಿಗೆ ಹೇಳಿ, ಹಳೆಯ ಟಯರಿನ ಮೇಲೆ ಕುಳಿತಳು.

ಅಮ್ಮ ಥಿನ್ನರಿನಲ್ಲಿ ಅದ್ದಿದ ಬಟ್ಟೆ ಚೂರನ್ನು ಕಡ್ಡಿಗೆ ಕೊಟ್ಟಳು. “ಗೆರೆ ಒರೆಸು. ಎಳೆದವರೇ ಒರೆಸ್ಬೇಕು.”

ಬಿಚ್ಚಿದ ಬೋಲ್ಟಿನ ಜೊತೆ ಒಂದು ಗೆರೆ ಆಗಲೇ ಮುರಿದಿತ್ತು. ಕಡ್ಡಿ ಪೈಪಿನ ಮೇಲೆ ಉಳಿದ ಅದರ ಚೂರನ್ನೂ, ಕೆಳಗಿನ ಎರಡು ಗೆರೆಗಳನ್ನೂ ಒರೆಸಿದಳು. ಕಣ್ಣು ಉರಿಯಿತು. ಥಿನ್ನರಿನ ವಾಸನೆಗೆ ಎಂದು ಹೇಳಿಕೊಳ್ಳಬಹುದಿತ್ತು. ಹಸಿರಿನ ಗುರುತೇ ಉಳಿಯದ ಹಾಗೆ ಉಜ್ಜಿ ಉಜ್ಜಿ ಒರೆಸಿದಳು. ಹಿಂದೆ ಅಮ್ಮನ ಚಪ್ಪಲಿಯ ಸದ್ದು ಬೋರ್ಡಿನವರೆಗೆ ಹೋಗಿ ವಾಪಸ್ ಬಂತು. ಕಡ್ಡಿ ತಿರುಗಿ ನೋಡಲಿಲ್ಲ.

ಅಮ್ಮ ಥ್ರೆಡ್ ತಿದ್ದುವ ಟೂಲನ್ನು ರಾಡಿನ ತುದಿಗೆ ಸಿಕ್ಕಿಸಿ, ತೂತಿನೊಳಗೆ ನಿಧಾನವಾಗಿ ತಿರುಗಿಸಿ ಚೂರುಗಳನ್ನು ಹೊರತೆಗೆದಳು. ಆಮೇಲೆ ಹೊಸ ಬೋಲ್ಟೊಂದನ್ನು ಕಡ್ಡಿಯ ಅಂಗೈ ಮೇಲೆ ಇಟ್ಟಳು.

“ನಾನಾ?”

“ಮತ್ತೆ ನಾನಾ? ನನ್ನ ಕೈ ಹೋಗಲ್ಲ ಅಲ್ಲಿ.”

ಈ ಸಲ ಕಡ್ಡಿ ಕೆಳಗಿನ ಎರಡನ್ನೂ ಪೂರ್ತಿ ಸಡಿಲ ಮಾಡಿದಳು. ಪೈಪು ತೂಗಾಡಿತು. ಮೇಲಿನ ಬೋಲ್ಟನ್ನು ಬೆರಳ ತುದಿಯಲ್ಲಿ ಹಿಡಿದು ಮೊದಲು ಹಿಂದಕ್ಕೆ ಒಂಚೂರು ತಿರುಗಿಸಿ, ಥ್ರೆಡ್ ಥ್ರೆಡ್ಡಿಗೆ ಸೇರಿದ್ದು ತಿಳಿದ ಮೇಲೆ ಮುಂದಕ್ಕೆ ತಿರುಗಿಸಿದಳು. ಅದು ಬೆಣ್ಣೆಯೊಳಗೆ ಹೋದಂತೆ ಹೋಯಿತು. ಸುತ್ತಿನ ಮೇಲೆ ಸುತ್ತು, ಕೊನೆಯವರೆಗೂ ಬೆರಳಿಗೇ ಬಗ್ಗಿತು. ಆಮೇಲೆ ಕೆಳಗಿನ ಎರಡು. ಆಮೇಲೆ ಸ್ಪ್ಯಾನರ್. ಮೂರಕ್ಕೂ ಸ್ವಲ್ಪ ಸ್ವಲ್ಪವೇ.

ಟಕ್, ಟಕ್, ಟಕ್.

ವಾಷರನ್ನು ಉಗುರಿನಿಂದ ತಳ್ಳಿದಳು. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಯಾವ ವೈರೂ ಪೈಪಿಗೆ ಸಿಕ್ಕಿಕೊಳ್ಳುವುದಿಲ್ಲ ಎಂದು ನೋಡಿದಳು. ಇದನ್ನು ಯಾರೂ ಹೇಳಿರಲಿಲ್ಲ.

“ಬಾಟ್ಲಿ ತಗೊಂಡು ಬಾ,” ಎಂದಳು ಅಮ್ಮ.

ಬಾಟಲಿ ಇಟ್ಟ ಜಾಗದಲ್ಲಿ ಇರಲಿಲ್ಲ. ಕಡ್ಡಿ ಸುತ್ತಲೂ ಹುಡುಕಿದಳು. ಸ್ಪ್ಯಾನರ್ ಬೋರ್ಡಿನ ಕೆಳಗಿನ ಪಟ್ಟಿಯ ಮೇಲೆ ಕಂಡಿತು. ಎತ್ತಿಕೊಳ್ಳಲು ಹೋದವಳು ತಲೆ ಎತ್ತಿದಳು.

ನೀಲಿ, ಬಿಳಿ, ಹಳದಿ. ಹಳದಿಯ ಪಕ್ಕ ಒಂದು ಹಸಿರು ಚುಕ್ಕೆ.

ಮೆಲ್ಲಗೆ ಮುಟ್ಟಿದಳು. ಮೇಲೆಲ್ಲ ಒಣಗಿತ್ತು. ಹೊಸ ಗೆರೆಯನ್ನು ಅವಳಿನ್ನೂ ಎಳೆದೇ ಇರಲಿಲ್ಲ. ಅಮ್ಮ ಬೋರ್ಡಿನ ಕಡೆ ಹೋಗಿದ್ದು ಒಂದೇ ಸಲ. ಆಗ ಕಡ್ಡಿ ಬಟ್ಟೆ ಹಿಡಿದು ಹಳೆಯ ಗೆರೆಗಳನ್ನು ಒರೆಸುತ್ತಿದ್ದಳು.

ತಿರುಗಿ ನೋಡಿದಳು. ಅಮ್ಮ ಬೆನ್ನು ಹಾಕಿ, ಏನೂ ಗೊತ್ತಿಲ್ಲದವಳಂತೆ, ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತಿದ್ದಳು.

“ಬೇಗ ಬಾರೇ ಕಡ್ಡಿ,” ಎಂದಳು ಅತ್ತೆ. “ಬಾಟ್ಲಿ ಇನ್ನು ನಿಂದೇ. ನಾನು ಬೇರೆ ಬಣ್ಣ ತಗೋತೀನಿ.”

ಕಡ್ಡಿ ಬಾಟಲಿ ಹಿಡಿದು, ಬೆನ್ನು ನೆಟ್ಟಗೆ ಮಾಡಿಕೊಂಡು ಬಂದಳು. ಬೈಕಿನ ಪಕ್ಕ ಮಂಡಿಯೂರಿದಳು. ಗೆರೆ ಎಳೆಯುವ ಮೊದಲು ಇನ್ನೊಂದು ಸಲ ವಾಷರ್ ಮುಟ್ಟಿ ನೋಡಿದಳು.